ಬಣ್ಣದ ನೀರಿನ ಲೆಕ್ಕ

ನಮ್ಮ ಶಾಲೆಯ ಕೈಗೆಲಸದ ತರಗತಿಯಲ್ಲಿ ತಯಾರಾಗುವ ಮೇಜುವಸ್ತ್ರಗಳನ್ನೂ ದಿಂಬಿನ ಗವಸುಗಳನ್ನೂ ವರುಷ ವರುಷವೂ ಪ್ರೀತಿಯಿಂದ ಕೊಂಡುಕೊಳ್ಳುವವರಲ್ಲಿ ಅನೇಕರು, ಈ ಸಾರಿ ಅವುಗಳ ಬೆಲೆ ಏಕೆ ಏರಿತೆಂದೂ, ಬಣ್ಣಗಳ ಬಗೆ ಏಕೆ ಕಡಿಮೆಯಾಯಿತೆಂದೂ ನಮ್ಮನ್ನು ಕೇಳಿದ್ದಾರೆ. ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರ ಬರೆಯುವುದಕ್ಕಿಂತ, ಈ ಸಂಚಿಕೆಯಲ್ಲಿ ಒಂದು ಪಾಠದ ರೂಪದಲ್ಲಿ ಅದನ್ನು ತಿಳಿಸುವುದು ಲೇಸೆಂದು ತೋರಿತು. ಈ ಪಾಠವನ್ನು ನಾವು ಮೊದಲು ಕಲಿಸಲಿಲ್ಲ, ಕಲಿತೆವು. ಅದನ್ನು ಕಲಿಸಿದವರು ನಮ್ಮ ಗೋಡೆಯಾಚೆ ಮಲ್ಲಿಗೆಯ ತೋಟವಿಟ್ಟುಕೊಂಡಿರುವ ಒಬ್ಬ ವೃದ್ಧ ತಾಯಿ.

ಬಡ ಬಾಲಿಕೆಯರ ಶುಲ್ಕಕ್ಕಾಗಿ ಸಹಾಯನಿಧಿಯೊಂದನ್ನು ಕೂಡಿಸಬೇಕೆಂದು ಕೆಲವು ವರುಷಗಳ ಹಿಂದೆ ನಾವು ಬಟ್ಟೆಗೆ ಬಣ್ಣ ಹಾಕುವ ಕೆಲಸವನ್ನು ಆರಂಭಿಸಿದೆವು. ತಿಂಗಳಿಗೆ ಎರಡು ಸಾರಿ ಹಿತ್ತಲಿನ ಚಪ್ಪರದ ಕೆಳಗೆ ದೊಡ್ಡ ಪೀಪಾಯಿಗಳಲ್ಲಿ ನೀರು ತುಂಬಿಸಿ, ಬಣ್ಣ, ಉಪ್ಪು ಮತ್ತು ಸೋಡಾ ಕಲಸಿ, ಹತ್ತಿಯ ಬಟ್ಟೆಯನ್ನು ಅದ್ದುತ್ತಿದ್ದೆವು. ಕೆಲಸ ಮುಗಿದ ಮೇಲೆ ಆ ನೀರು ಚರಂಡಿಯಲ್ಲಿ ಹರಿದು, ಗೋಡೆಯ ಬುಡದ ಕಿಂಡಿಯಿಂದ ಹೊರಗೆ ಹೋಗುತ್ತಿತ್ತು. ಎಲ್ಲಿಗೆ ಹೋಗುತ್ತಿತ್ತೆಂದು ನಾವು ಬಗ್ಗಿ ನೋಡಲಿಲ್ಲ. ಮೊದಲನೆಯ ವರುಷದ ಕೊನೆಗೆ ಆ ತಾಯಿಯವರು ಬಂದು, ತಮ್ಮ ಪಾತಿಗಳಿಗೆ ಕೆಂಪು ನೀರು ಬರುತ್ತಿದೆಯೆಂದೂ, ಗಿಡಗಳ ಎಲೆ ಅಂಚಿನಿಂದ ಒಣಗುತ್ತಿದೆಯೆಂದೂ ಹೇಳಿದರು. ನಮಗೆ ನಾಚಿಕೆಯಾಯಿತು. ಕೂಡಲೆ ಒಂದು ಗುಂಡಿಯನ್ನು ತೋಡಿಸಿ, ಮರಳು, ಇದ್ದಲಿನ ಪುಡಿ, ಸುಣ್ಣ ಇವುಗಳ ಮೂಲಕ ನೀರು ಹಾಯುವಂತೆ ಮಾಡಿಸಿದೆವು. ನೀರು ಬಹುಮಟ್ಟಿಗೆ ತಿಳಿಯಾಯಿತು. ನಾವು ಸಮಾಧಾನಪಟ್ಟು, ಶಾಲೆಯ ವರದಿಯಲ್ಲಿ ಅದನ್ನು ಒಂದು ಸಾಧನೆಯೆಂಬಂತೆ ಬರೆದದ್ದೂ ಉಂಟು.

ಎರಡನೆಯ ವರುಷ ತೋಟದ ಅರ್ಧ ಪಾಲು ಸತ್ತಿತು. ಆ ತಾಯಿಯವರು ಮತ್ತೆ ಬಂದಾಗ ನಾವು ಗುಂಡಿಯನ್ನು ತೋರಿಸಿ, ನೀರು ಈಗ ಎಷ್ಟು ತಿಳಿಯಾಗಿದೆ ನೋಡಿರೆಂದೆವು. ಅವರು ನೋಡಿ, "ನಿಜ, ಅಮ್ಮನವರೇ. ಆದರೆ ಗಿಡ ಬಣ್ಣ ನೋಡಿ ಕುಡಿಯುವುದಿಲ್ಲವಲ್ಲ" ಎಂದರು. ನೆರೆಯವರ ಮೇಲಣ ಪ್ರೀತಿಯನ್ನು ಕುರಿತು ದಿನದಿನವೂ ಬೆಳಗಿನ ಪ್ರಾರ್ಥನೆಯಲ್ಲಿ ಮಾತಾಡುವ ನಮಗೆ ಆ ಮಾತಿಗೆ ಉತ್ತರ ತೋಚಲಿಲ್ಲ.

ಇನ್ನು ಪಾಠಕ್ಕೆ ಬರೋಣ.

೧. ಕಾಣುವುದೂ ಕಾಣದಿರುವುದೂ

ಆ ವಾರವೇ ಒಂಬತ್ತನೆಯ ತರಗತಿಯ ಬಾಲಿಕೆಯರೊಂದಿಗೆ ಒಂದು ಪರೀಕ್ಷೆಯನ್ನು ಮಾಡಿದೆವು. ಬಣ್ಣದ ಪೀಪಾಯಿಯಿಂದ ತೆಗೆದ ನೀರನ್ನು ಇದ್ದಲಿನ ಮೂಲಕ ಸೋಸಿ, ತಿಳಿಯಾದ ಮೇಲೆ ಅದರಲ್ಲಿ ಅರ್ಧ ಲೀಟರನ್ನು ಅಳೆದು, ಒಂದು ಬಾಣಲೆಯಲ್ಲಿ ಹಾಕಿ ನೀರೆಲ್ಲ ಆರಿಹೋಗುವ ತನಕ ಕಾಯಿಸಿದೆವು. ತಳದಲ್ಲಿ ಬಿಳಿಯ ಹರಳುಗಳು ಕಟ್ಟಿಕೊಂಡವು. ಅವನ್ನು ಕೆರೆದು ತೂಗಿದಾಗ ಇಪ್ಪತ್ತೈದು ಗ್ರಾಮಿಗಿಂತಲೂ ಹೆಚ್ಚಾಯಿತು. ನಾವು ಲೀಟರಿಗೆ ಐವತ್ತು ಗ್ರಾಂ ಉಪ್ಪು ಹಾಕಿದ್ದೆವು. ಅದೆಲ್ಲವೂ, ಸೋಡಾದ ಸಹಿತವಾಗಿ, ಹಾಕಿದಷ್ಟೇ ಹೊರಗೆ ಬಂದಿತ್ತು.

ಇದರ ಕಾರಣವನ್ನು ತಿಳಿಯುವುದು ಕಷ್ಟವಲ್ಲ. ಹತ್ತಿಯ ನೂಲಿಗೆ ಇಂದಿನ ರಾಸಾಯನಿಕ ಬಣ್ಣಗಳು ತಾವಾಗಿ ಹತ್ತಿಕೊಳ್ಳುವುದಿಲ್ಲ. ನೀರಿನಲ್ಲಿರುವ ಬಣ್ಣವನ್ನು ನೂಲಿನ ಕಡೆಗೆ ತಳ್ಳುವುದಕ್ಕೆ ಉಪ್ಪು ಬೇಕು. ಹತ್ತಿದ ಬಣ್ಣವು ಬಿಟ್ಟುಹೋಗದಂತೆ ಬೆಸೆಯುವುದಕ್ಕೆ ಸೋಡಾ ಬೇಕು. ಬಣ್ಣದಲ್ಲಿ ಹೆಚ್ಚಿನ ಪಾಲು ಬಟ್ಟೆಯಲ್ಲಿ ನಿಲ್ಲುತ್ತದೆ, ಮಿಕ್ಕದ್ದು ತೊಳೆದುಹೋಗುತ್ತದೆ. ಆದರೆ ಉಪ್ಪಿನಲ್ಲಿ ಒಂದು ಚಿಟಿಕೆಯೂ ಬಟ್ಟೆಯ ಪಾಲಾಗುವುದಿಲ್ಲ. ಅದು ಮದುವೆಯ ದಲ್ಲಾಳಿಯಂತೆ, ಕೂಡಿಸಿ ತಾನು ಹೊರಟುಹೋಗುತ್ತದೆ. ಇದ್ದಲು ಬಣ್ಣವನ್ನು ಹೀರಿಕೊಳ್ಳಬಲ್ಲುದು. ಮರಳು ಕಸವನ್ನು ತಡೆಯಬಲ್ಲುದು. ಕರಗಿದ ಉಪ್ಪನ್ನು ಇವೆರಡೂ ಹಿಡಿಯಲಾರವು.

ಕರಿಹಲಗೆಯ ಮೇಲೆ ಒಬ್ಬ ಬಾಲಿಕೆಯು ಲೆಕ್ಕವನ್ನು ಮಾಡಿದಳು. ಒಂದು ಸಾರಿಗೆ ನೂರು ಲೀಟರು. ಲೀಟರಿಗೆ ಐವತ್ತು ಗ್ರಾಂ. ಅಂದರೆ ಐದು ಕಿಲೋಗ್ರಾಂ. ವರುಷಕ್ಕೆ ಇಪ್ಪತ್ತು ಸಾರಿ. ಅಂದರೆ ಒಂದು ಕ್ವಿಂಟಾಲು. ಎರಡು ವರುಷಕ್ಕೆ ಎರಡು ಕ್ವಿಂಟಾಲು. ಇಷ್ಟು ಉಪ್ಪನ್ನು ಮೂಟೆ ಕಟ್ಟಿ ನೆರೆಯ ತೋಟದೊಳಗೆ ಸುರಿಯಿರೆಂದು ಯಾರಾದರೂ ಹೇಳಿದ್ದರೆ ನಾವು ಹೌಹಾರುತ್ತಿದ್ದೆವು. ನೀರಿನಲ್ಲಿ ಕರಗಿಸಿ ಸುರಿದುದರಿಂದ ನಮಗದು ತಿಳಿಯಲಿಲ್ಲ. ಮಣ್ಣಿನಲ್ಲಿ ಉಪ್ಪು ಹೆಚ್ಚಾದರೆ, ನೀರು ಎದುರಿಗಿದ್ದರೂ ಬೇರು ಅದನ್ನು ಎಳೆದುಕೊಳ್ಳಲಾರದು. ಸೋಡಿಯಂ ಸೇರಿದ ಜೇಡಿಮಣ್ಣು ಗಟ್ಟಿಯಾಗಿ, ಮಳೆಯ ನೀರನ್ನು ಸಹ ಒಳಕ್ಕೆ ಬಿಡದು. ಆ ತೋಟದಲ್ಲಿ ಆದುದು ಇದೇ.

೨. ಒಂದು ಪಟ್ಟಣದ ಕಥೆ

ಆಗ ಒಬ್ಬ ಬಾಲಿಕೆಯು ಎದ್ದು, "ನಮ್ಮ ಪೀಪಾಯಿಗೇ ಇಷ್ಟಾದರೆ ದೊಡ್ಡ ಕಾರಖಾನೆಗಳ ನೀರು ಎಲ್ಲಿಗೆ ಹೋಗುತ್ತದೆ, ಟೀಚರ್?" ಎಂದು ಕೇಳಿದಳು. ಮರುದಿನ ಅವಳೇ ತನ್ನ ತಮ್ಮನ ಬನಿಯನ್ನನ್ನು ತಂದು, ಅದರ ಚೀಟಿಯ ಮೇಲೆ ತಿರುಪ್ಪೂರು ಎಂದಿರುವುದನ್ನು ತೋರಿಸಿದಳು. ಹೀಗೆ ನಮ್ಮ ಪಾಠವು ತಿರುಪ್ಪೂರಿಗೆ ಹೋಯಿತು. ನಮ್ಮಲ್ಲಿ ಆ ಊರಿನ ಬಟ್ಟೆಯೊಂದಾದರೂ ಇಲ್ಲದ ಮನೆ ಅಪರೂಪವಾದುದರಿಂದ, ಈ ಕಥೆಯನ್ನು ನಾವೆಲ್ಲರೂ ತಿಳಿದಿರುವುದು ಒಳ್ಳೆಯದು.

ತಿರುಪ್ಪೂರು ತಮಿಳುನಾಡಿನಲ್ಲಿ ನೊಯ್ಯಲ್ ಎಂಬ ಹೊಳೆಯ ದಡದಲ್ಲಿದೆ. ಈ ಹೊಳೆಯು ಕೊಯಮತ್ತೂರಿನ ಪಶ್ಚಿಮಕ್ಕಿರುವ ವೆಳ್ಳಿಯಂಗಿರಿ ಬೆಟ್ಟಗಳಲ್ಲಿ ಹುಟ್ಟಿ, ಕೊಯಮತ್ತೂರು ಮತ್ತು ತಿರುಪ್ಪೂರುಗಳನ್ನು ದಾಟಿ, ಕರೂರು ಜಿಲ್ಲೆಯಲ್ಲಿ ಕಾವೇರಿಯನ್ನು ಕೂಡುತ್ತದೆ. ನಮ್ಮ ಕೊಡಗಿನ ತಲಕಾವೇರಿಯಲ್ಲಿ ಹುಟ್ಟಿದ ನದಿಯನ್ನೇ ಅದು ಸೇರುವುದರಿಂದ, ಅಲ್ಲಿಯ ಕಥೆ ನಮಗೆ ಪರದೇಶದ್ದಲ್ಲ. ತಿರುಪ್ಪೂರಿನಲ್ಲಿ ಹೆಣೆದ ಬನಿಯನ್ನುಗಳ ಕೈಗಾರಿಕೆಯು ಹಳೆಯದು. ೧೯೮೦ರ ದಶಕದಲ್ಲಿ ಹೊರದೇಶಗಳ ವ್ಯಾಪಾರವು ಬೆಳೆದಂತೆ, ಬಿಳಿಯ ಬನಿಯನ್ನಿನ ಜೊತೆಗೆ ಬಣ್ಣಬಣ್ಣದ ಉಡುಪುಗಳಿಗೂ ಬೇಡಿಕೆ ಬಂದು, ಬಣ್ಣ ಹಾಕುವ ಘಟಕಗಳು ನೂರಾರಾದವು. ಲಕ್ಷಾಂತರ ಜನರಿಗೆ, ಅವರಲ್ಲಿಯೂ ಹಳ್ಳಿಗಳಿಂದ ಬಂದ ಹೆಣ್ಣುಮಕ್ಕಳಿಗೆ, ಅನ್ನ ದೊರಕಿತು. ಇದನ್ನು ಮರೆತು ಕಾರಖಾನೆಗಳನ್ನು ಬರಿದೆ ಹಳಿಯುವುದು ನ್ಯಾಯವಲ್ಲ.

ಆದರೆ ಒಂದು ಕಿಲೋಗ್ರಾಂ ಹೆಣೆದ ಬಟ್ಟೆಯನ್ನು ಬಿಳುಪು ಮಾಡಿ, ಬಣ್ಣ ಹಾಕಿ, ತೊಳೆಯುವುದಕ್ಕೆ ಹಳೆಯ ಕ್ರಮದಲ್ಲಿ ನೂರು ಲೀಟರಿನ ಮೇಲೆಯೇ ನೀರು ಬೇಕಾಗುತ್ತಿತ್ತು. ಮಳೆಯ ನೆರಳಿನ ಆ ಒಣ ಸೀಮೆಯಲ್ಲಿ ಅಷ್ಟು ನೀರೆಲ್ಲಿ? ಸುತ್ತಣ ಹಳ್ಳಿಗಳ ಬಾವಿಗಳಿಂದ ಟ್ಯಾಂಕರ್ ಲಾರಿಗಳಲ್ಲಿ ನೀರನ್ನು ಕೊಂಡು ತಂದರು. ೨೦೦೫ರ ಸುಮಾರಿಗೆ, ಭವಾನಿಯು ಕೂಡಿದ ಮೇಲಣ ಕಾವೇರಿಯಿಂದಲೇ ದಿನಕ್ಕೆ ೧೮.೫ ಕೋಟಿ ಲೀಟರು ನೀರನ್ನು ಕೊಳವೆಯ ಮೂಲಕ ತರುವ ಏರ್ಪಾಡಾಯಿತು. ಅದರಲ್ಲಿ ಕಾರಖಾನೆಗಳಿಗೂ ಜನರಿಗೂ ಪಾಲಿತ್ತು. ಹೀಗೆ ಸಿಹಿನೀರು ದೂರದಿಂದ ಒಳಕ್ಕೆ ಬಂದಿತು; ಉಪ್ಪುನೀರು ಹತ್ತಿರದಲ್ಲೇ ಹೊರಕ್ಕೆ ಹೋಯಿತು.

೩. ಯಾರೂ ಬೇಡವೆಂದ ಅಣೆಕಟ್ಟು

ತಿರುಪ್ಪೂರಿನ ಕೆಳಗೆ ಹೊಳೆಗೆ ಅಡ್ಡಲಾಗಿ ಒರತ್ತುಪಾಳೆಯಂ ಎಂಬಲ್ಲಿ ೧೯೯೨ರಲ್ಲಿ ಒಂದು ಅಣೆಕಟ್ಟು ಸಿದ್ಧವಾಯಿತು. ಒಣ ಭೂಮಿಯ ರೈತರಿಗೆ ನೀರು ಕೊಡುವುದು ಅದರ ಉದ್ದೇಶ. ಆದರೆ ಕೆಲವೇ ವರುಷಗಳಲ್ಲಿ ಆ ಜಲಾಶಯವು ಬಣ್ಣದ ಕಾರಖಾನೆಗಳ ನೀರು ಬಂದು ನಿಲ್ಲುವ ತೊಟ್ಟಿಯಾಯಿತು. ಸುತ್ತಣ ಬಾವಿಗಳು ಉಪ್ಪಾದವು. ಹೊಲಗಳು ಬೆಳೆಗೆ ಬಾರದಾದವು. ನೀರಿಗಾಗಿ ಕಾಯುತ್ತಿದ್ದ ರೈತರೇ ಕೊನೆಗೆ, ಆ ನೀರನ್ನು ನಮ್ಮ ಕಾಲುವೆಗೆ ಬಿಡಬೇಡಿರೆಂದು ಬೇಡಿಕೊಳ್ಳುವಂತಾಯಿತು.

ಕಾರಖಾನೆಗಳವರು ಏನನ್ನೂ ಮಾಡದೆ ಕುಳಿತಿದ್ದರೆಂದು ತಿಳಿಯಬಾರದು. ೧೯೯೦ರ ದಶಕದಲ್ಲಿ ಅವರಲ್ಲಿ ಅನೇಕರು ಕೂಡಿ ಸಾಮೂಹಿಕ ಶುದ್ಧೀಕರಣ ಸ್ಥಾವರಗಳನ್ನು ಕಟ್ಟಿಸಿದರು. ಅಲ್ಲಿ ಸುಣ್ಣವನ್ನೂ ಕಬ್ಬಿಣದ ಲವಣವನ್ನೂ ಹಾಕಿ ಬಣ್ಣವನ್ನು ಕೆಳಕ್ಕಿಳಿಸಿ, ತಿಳಿನೀರನ್ನು ಹೊಳೆಗೆ ಬಿಡುತ್ತಿದ್ದರು. ಓದುಗರೇ, ಇದು ನಮ್ಮ ಹಿತ್ತಲಿನ ಗುಂಡಿಯೇ ಅಲ್ಲವೇ? ಕಣ್ಣಿಗೆ ಕಾಣುವ ಕೊಳೆ ಹೋಯಿತು. ಕಾಣದ ಉಪ್ಪು ಹಾಗೆಯೇ ಹರಿಯಿತು. ಕುಡಿಯುವ ನೀರಿನಲ್ಲಿ ಕರಗಿದ ಲವಣಗಳೆಲ್ಲ ಕೂಡಿ ಲೀಟರಿಗೆ ೫೦೦ ಮಿಲಿಗ್ರಾಮಿನೊಳಗೆ ಇರಬೇಕೆಂದೂ, ಬೇರೆ ನೀರೇ ದೊರೆಯದ ಕಡೆ ೨,೦೦೦ದ ತನಕ ಸಹಿಸಬಹುದೆಂದೂ ನಮ್ಮ ದೇಶದ ಪ್ರಮಾಣವಿದೆ. ಬಣ್ಣದ ಕಾರಖಾನೆಯ ನೀರಿನಲ್ಲಾದರೋ ಅದು ಇದರ ಹಲವು ಪಾಲು ಹೆಚ್ಚು.

ನೀರಿನ ಮಾಲಿನ್ಯವನ್ನು ತಡೆಯುವ ಕಾನೂನು ೧೯೭೪ರಿಂದಲೇ ಇದ್ದಿತು. ಕೆಡಿಸಿದವನೇ ತೆರಬೇಕೆಂಬ ನಿಯಮವನ್ನು ಸುಪ್ರೀಂ ಕೋರ್ಟು ೧೯೯೬ರಲ್ಲಿ, ಅದೇ ತಮಿಳುನಾಡಿನ ತೊಗಲು ಹದ ಮಾಡುವ ಕಾರಖಾನೆಗಳ ಮೊಕದ್ದಮೆಯಲ್ಲಿ ಎತ್ತಿಹಿಡಿದಿತ್ತು. ಆದರೂ ನೊಯ್ಯಲ್ ಕೆಳಗಣ ರೈತರು ಸಂಘ ಕಟ್ಟಿಕೊಂಡು ನ್ಯಾಯಾಲಯಕ್ಕೆ ಹೋಗಬೇಕಾಯಿತು. ೨೦೦೬ರ ಡಿಸೆಂಬರಿನಲ್ಲಿ ಮದ್ರಾಸಿನ ಹೈಕೋರ್ಟು, ಇನ್ನು ಮುಂದೆ ಒಂದು ತೊಟ್ಟು ಕೊಳೆನೀರೂ ಹೊರಗೆ ಹೋಗಕೂಡದೆಂದು ಆಜ್ಞೆ ಮಾಡಿ, ಅಲ್ಲಿಯ ವರೆಗೆ ಹೊರಬಿಡುವ ಪ್ರತಿ ಲೀಟರಿಗೂ ದಂಡವನ್ನು ಗೊತ್ತುಮಾಡಿತು. ೨೦೦೯ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಆದರೂ ಹರಿವು ನಿಲ್ಲಲಿಲ್ಲ. ಕೊನೆಗೆ ೨೦೧೧ರ ಜನವರಿಯಲ್ಲಿ ಹೈಕೋರ್ಟು ಎಲ್ಲ ಬಣ್ಣದ ಘಟಕಗಳನ್ನೂ ಮುಚ್ಚಬೇಕೆಂದು ಆಜ್ಞಾಪಿಸಿತು. ಏಳು ನೂರಕ್ಕಿಂತ ಹೆಚ್ಚು ಘಟಕಗಳು ಒಮ್ಮೆಗೇ ನಿಂತುಹೋದವು.

ಅದರಿಂದ ಆದ ಕಷ್ಟವನ್ನು ಊಹಿಸಿಕೊಳ್ಳಿರಿ. ಹೊಲ ಕೆಟ್ಟ ರೈತನ ಮಗಳು ಆ ಕಾರಖಾನೆಯಲ್ಲೇ ಕೂಲಿ ಮಾಡುತ್ತಿದ್ದಿರಬಹುದು. ಮೊದಲು ಹೊಲ ಹೋಯಿತು, ಈಗ ಕೂಲಿಯೂ ಹೋಯಿತು. ಸಕಾಲದಲ್ಲಿ ಮಾಡತಕ್ಕ ಖರ್ಚನ್ನು ಮುಂದೂಡಿದರೆ ಅದು ಇಲ್ಲವಾಗುವುದಿಲ್ಲ. ಬಡವರ ಮನೆಯ ಬಾಗಿಲಿಗೆ ಬಡ್ಡಿ ಸಹಿತವಾಗಿ ಹೋಗಿ ನಿಲ್ಲುತ್ತದೆ.

೪. ನೀರನ್ನು ಹಿಂದಕ್ಕೆ ಪಡೆಯುವ ವಿಧಾನ

ಆ ಮೇಲೆ ಸರಕಾರದ ಸಹಾಯವೂ ದೊರೆತು, ಸ್ಥಾವರಗಳು ಸುಧಾರಿಸಲ್ಪಟ್ಟು, ಕಾರಖಾನೆಗಳು ಹಂತಹಂತವಾಗಿ ಮತ್ತೆ ತೆರೆದವು. ಈಗ ಅಲ್ಲಿ ನಡೆಯುವ ಕ್ರಮವನ್ನು ನಮ್ಮ ಬಾಲಿಕೆಯರು ಐದು ಮೆಟ್ಟಿಲುಗಳಾಗಿ ಬರೆದುಕೊಂಡಿದ್ದಾರೆ.

ಮೊದಲನೆಯದು, ಬೇರೆ ಬೇರೆ ಹೊತ್ತಿನಲ್ಲಿ ಬರುವ ಬಿಸಿ, ತಣ್ಣನೆಯ, ಗಾಢ, ತಿಳಿ ನೀರುಗಳನ್ನೆಲ್ಲ ದೊಡ್ಡ ತೊಟ್ಟಿಯಲ್ಲಿ ಕೂಡಿಸಿ ಸಮಮಾಡುವುದು. ಎರಡನೆಯದು, ಗಾಳಿಯನ್ನು ಊದಿ ಸೂಕ್ಷ್ಮಜೀವಿಗಳನ್ನು ಬೆಳೆಯಿಸಿ, ಅವುಗಳಿಂದ ನೀರಿನಲ್ಲಿರುವ ಸಾವಯವ ಕೊಳೆಯನ್ನು ತಿನ್ನಿಸುವುದು. ಮಜ್ಜಿಗೆಗೆ ಹೆಪ್ಪು ಹೇಗೋ ಇಲ್ಲಿ ಈ ಜೀವಿಗಳು ಹಾಗೆ, ಸಾಕಿಕೊಂಡರೆ ಮಾತ್ರ ಕೆಲಸ ಮಾಡುತ್ತವೆ. ಮೂರನೆಯದು, ಉಳಿದ ಬಣ್ಣವನ್ನು ತೆಗೆದು ಸೋಸುವುದು. ನಾಲ್ಕನೆಯದು, ಬಹಳ ಒತ್ತಡದಿಂದ ನೀರನ್ನು ಅತಿ ಸೂಕ್ಷ್ಮವಾದ ಪೊರೆಗಳ ಮೂಲಕ ತಳ್ಳುವುದು. ನೀರು ದಾಟುತ್ತದೆ, ಉಪ್ಪು ಹಿಂದೆ ನಿಲ್ಲುತ್ತದೆ. ಈಗ ಅನೇಕ ಮನೆಗಳ ಅಡಿಗೆಮನೆಯಲ್ಲಿ ಗೋಡೆಗೆ ತೂಗುಹಾಕಿರುವ ಶುದ್ಧೀಕರಣ ಯಂತ್ರದಲ್ಲಿರುವುದೂ ಇಂಥಾ ಪೊರೆಯೇ. ಹೀಗೆ ದಾಟಿದ ಸಿಹಿನೀರು ಕಾರಖಾನೆಗೇ ಹಿಂದಿರುಗಿ, ನಾಳೆಯ ಬಟ್ಟೆಯನ್ನು ತೊಳೆಯುತ್ತದೆ. ಐದನೆಯದು, ಹಿಂದೆ ನಿಂತ ಗಟ್ಟಿ ಉಪ್ಪುನೀರನ್ನು ಸಾಧ್ಯವಾದಷ್ಟು ಮಟ್ಟಿಗೆ ಬಣ್ಣದ ತೊಟ್ಟಿಗೇ ಮರಳಿಸಿ, ಮಿಕ್ಕುದನ್ನು ಕಾಯಿಸಿ ಆರಿಸಿ, ಹರಳು ಮಾಡುವುದು. ಒಟ್ಟಿನಲ್ಲಿ ನೂರು ಪಾಲು ನೀರಿನಲ್ಲಿ ತೊಂಬತ್ತರಷ್ಟು ಮತ್ತೆ ಉಪಯೋಗಕ್ಕೆ ಬರುವುದುಂಟು.

ಇಲ್ಲಿಗೆ ಎಲ್ಲವೂ ಸುಖಾಂತವಾಯಿತೆಂದು ಬರೆದರೆ ಪಾಠವು ಸುಳ್ಳಾದೀತು. ಒತ್ತಡಕ್ಕೆ ವಿದ್ಯುತ್ತು ಬೇಕು. ಕಾಯಿಸುವುದಕ್ಕೆ ಸೌದೆಯೋ ಕಲ್ಲಿದ್ದಲೋ ಬೇಕು. ಕೊನೆಗೆ ಉಳಿಯುವ ಕಲಬೆರಕೆಯ ಉಪ್ಪನ್ನೂ ಕೆಸರನ್ನೂ ಮೂಟೆಗಳಲ್ಲಿ ತುಂಬಿ ಮಳೆ ತಾಗದಂತೆ ಕಾಯಬೇಕು. ಖರ್ಚಿಗೆ ಅಂಜಿದ ಕೆಲವರು ಬೇರೆ ಊರುಗಳಿಗೆ ಹೋಗಿ ಹಳೆಯ ರೀತಿಯಲ್ಲೇ ಬಣ್ಣ ಹಾಕತೊಡಗಿದ ಸುದ್ದಿಯೂ ಉಂಟು. ಭೂಮಿಗೆ ಇಳಿದ ಉಪ್ಪು ಒಂದೆರಡು ಮಳೆಗಾಲಗಳಲ್ಲಿ ಹೋಗತಕ್ಕದ್ದಲ್ಲ. ಆದರೂ ಒಂದು ಮಾತು ಸಿದ್ಧವಾಯಿತು: ಕೈಗಾರಿಕೆಯೂ ಇರಬಹುದು, ಹೊಳೆಯೂ ಇರಬಹುದು; ಆದರೆ ಅದರ ಬೆಲೆಯನ್ನು ಯಾರಾದರೂ ತೆರಬೇಕು, ಮತ್ತು ಬಟ್ಟೆಯನ್ನು ಉಡುವವರು ತೆರುವುದೇ ನ್ಯಾಯ.

೫. ನಾವು ಮಾಡಿದ್ದು

ಕಾರಖಾನೆ ದೊಡ್ಡದಾಗಲಿ ಸಣ್ಣದಾಗಲಿ ನಿಯಮಗಳು ಒಂದೇ ಎಂದು ನಾವು ತಿಳಿದುಕೊಂಡೆವು. ಒಳಕ್ಕೆ ಬರುವ ನೀರನ್ನೂ ಹೊರಕ್ಕೆ ಹೋಗುವ ನೀರನ್ನೂ ಅಳೆಯಬೇಕು. ಶುದ್ಧಮಾಡುವುದಕ್ಕೆ ಮೊದಲು ಕಡಿಮೆ ಬಳಸಬೇಕು. ಗಟ್ಟಿ ನೀರನ್ನು ತೆಳು ನೀರಿನೊಡನೆ ಬೆರಸದೆ ಬೇರೆ ಇಡಬೇಕು. ಬಳಸಿದ್ದನ್ನು ಮತ್ತೆ ಬಳಸಬೇಕು. ಇವೆಲ್ಲಕ್ಕಿಂತ ಮುಖ್ಯವಾಗಿ, ಲೆಕ್ಕದ ಪುಸ್ತಕವನ್ನು ನೆರೆಯವರು ಕೇಳಿದಾಗ ತೆರೆದು ತೋರಿಸಬೇಕು. ಏಕೆಂದರೆ ನೀರು ಕೆಟ್ಟಿತೆಂಬುದು ಕೆಡಿಸಿದವರಿಗಿಂತ ಮೊದಲು ಕುಡಿದವರಿಗೆ ತಿಳಿಯುತ್ತದೆ.

ಮೊದಲ ಕೆಲಸವಾಗಿ ನಾವು ಗೋಡೆಯ ಕಿಂಡಿಯನ್ನು ಗಾರೆಯಿಂದ ಮುಚ್ಚಿಸಿದೆವು. ಗಾಢ ಬಣ್ಣಗಳಿಗೆ ಉಪ್ಪು ಹೆಚ್ಚು ಬೇಕಾದುದರಿಂದ ಅವುಗಳಲ್ಲಿ ಅನೇಕವನ್ನು ಬಿಟ್ಟೆವು. ಬಣ್ಣ ಹಾಕಿದ ಉಪ್ಪುನೀರನ್ನು ಇದ್ದಲಿನಲ್ಲಿ ಸೋಸಿ, ಮುಚ್ಚಿದ ಪೀಪಾಯಿಯಲ್ಲಿಟ್ಟು, ಮುಂದಿನ ಸಾರಿಗೆ ಉಪಯೋಗಿಸುತ್ತೇವೆ. ಬಣ್ಣವು ಒಂದೇ ಸಮನಾಗಿ ಹತ್ತದಿದ್ದ ಬಟ್ಟೆಗಳನ್ನು ಕೈವಸ್ತ್ರಗಳಾಗಿ ಕತ್ತರಿಸಿಕೊಳ್ಳುತ್ತೇವೆ. ಇನ್ನು ಉಪಯೋಗಕ್ಕೆ ಬಾರದ ನೀರನ್ನು ಅಗಲವಾದ ಸಿಮೆಂಟಿನ ತೊಟ್ಟಿಯಲ್ಲಿ ಬಿಸಿಲಿಗೆ ಆರಿಸುತ್ತೇವೆ. ಮಳೆಗಾಲದಲ್ಲಿ ಆರದಾದುದರಿಂದ ಜೂನಿನಿಂದ ಸೆಪ್ಟೆಂಬರಿನ ತನಕ ಬಣ್ಣದ ಕೆಲಸವೇ ಇಲ್ಲ. ಉಳಿದ ಉಪ್ಪನ್ನು ಮೂಟೆ ಕಟ್ಟಿ, ಅಂಥಾ ತ್ಯಾಜ್ಯವನ್ನು ತೆಗೆದುಕೊಳ್ಳಲು ಅನುಮತಿಯುಳ್ಳವರಿಗೆ ಹಣ ತೆತ್ತು ಒಪ್ಪಿಸುತ್ತೇವೆ. ಆ ಹಣದ ರಸೀತಿಯನ್ನು ನೋಡಿದಾಗಲೆಲ್ಲ, ಹಿಂದೆ ಈ ಖರ್ಚನ್ನು ನಮ್ಮ ಪರವಾಗಿ ಯಾರು ತೆತ್ತಿದ್ದರೆಂಬುದು ನೆನಪಾಗುತ್ತದೆ.

ಆ ತಾಯಿಯವರಿಗೆ ಎರಡು ವರುಷಗಳ ಹೂವಿನ ನಷ್ಟವನ್ನು ಸಹಾಯನಿಧಿಯಿಂದಲೇ ಕೊಟ್ಟೆವು. ಅವರು ಅದರಲ್ಲಿ ಸ್ವಲ್ಪವನ್ನು ಹಿಂದಕ್ಕೆ ಕೊಡಬಂದಾಗ ನಾವು ತೆಗೆದುಕೊಳ್ಳಲಿಲ್ಲ. ಪಾತಿಗಳಿಗೆ ಜಿಪ್ಸಂ ಮತ್ತು ಕೊಟ್ಟಿಗೆಯ ಗೊಬ್ಬರ ಹಾಕಿಸಿ, ಒಳ್ಳೆಯ ನೀರನ್ನು ಹಾಯಿಸಿದ ಮೇಲೆ ಮಣ್ಣು ಮೆತ್ತಗಾಗಿ ಹೊಸ ಸಸಿಗಳು ಹಿಡಿದಿವೆ. ಉಪ್ಪು ಮಾಯವಾಗಲಿಲ್ಲ, ಕೆಳಕ್ಕೆ ಇಳಿದಿದೆ. ಆದುದರಿಂದ ಅವರ ಬಾವಿಯ ನೀರನ್ನು ವರುಷಕ್ಕೆ ಎರಡು ಸಾರಿ ನಮ್ಮ ಬಾಲಿಕೆಯರು ಪರೀಕ್ಷಿಸಿ, ಅಂಕಿಗಳನ್ನು ಅವರ ಮುಂದೆ ಓದಿಹೇಳುತ್ತಾರೆ.

ಈ ಎಲ್ಲ ಕಾರಣಗಳಿಂದ ನಮ್ಮ ವರಮಾನವು ಅರ್ಧಕ್ಕೆ ಇಳಿಯಿತು. ಮೇಜುವಸ್ತ್ರದ ಬೆಲೆಯನ್ನು ಏರಿಸದೆ ಬೇರೆ ದಾರಿ ಇರಲಿಲ್ಲ. ಬಡ ಬಾಲಿಕೆಯರ ಶುಲ್ಕವನ್ನು ಮತ್ತೊಬ್ಬ ಬಡವರ ತೋಟದಿಂದ ಕಟ್ಟುವುದು ಧರ್ಮವಲ್ಲವೆಂದು ನೀವೂ ಒಪ್ಪುವಿರೆಂದು ನಂಬಿದ್ದೇವೆ.

ಮನೆಯಲ್ಲಿ ಮಾಡತಕ್ಕ ಅಭ್ಯಾಸಗಳು

(೧) ಒಂದು ಲೋಟ ನೀರಿಗೆ ಒಂದು ಚಮಚೆ ಉಪ್ಪನ್ನೂ ನಾಲ್ಕು ತೊಟ್ಟು ಶಾಯಿಯನ್ನೂ ಕಲಸಿರಿ. ಇದ್ದಲಿನ ಪುಡಿಯಲ್ಲಿ ಸೋಸಿ, ತಟ್ಟೆಯಲ್ಲಿ ಹಾಕಿ, ಬಿಸಿಲಿಗಿಡಿರಿ. ಹೋದದ್ದೇನು, ಉಳಿದದ್ದೇನು? ಈ ನೀರನ್ನು ನಾಲಿಗೆಗೆ ಮುಟ್ಟಿಸಬೇಡಿರಿ.

(೨) ನಿಮ್ಮ ಅಡಿಗೆಮನೆಯ ಶುದ್ಧೀಕರಣ ಯಂತ್ರದಿಂದ ಹೊರಕ್ಕೆ ಹೋಗುವ ನೀರನ್ನು ಒಂದು ದಿನ ಬಕೀಟಿನಲ್ಲಿ ಹಿಡಿದು ಅಳೆಯಿರಿ. ಅದರಿಂದ ನೆಲವನ್ನು ತೊಳೆಯಬಹುದು. ಗಿಡಗಳಿಗೆ ದಿನವೂ ಹಾಕಬಹುದೇ? ಕಾರಣ ಹೇಳಿರಿ.

(೩) ನಿಮ್ಮ ಮನೆಯ ಬಚ್ಚಲಿನ ನೀರಿನ ಜಾಡು ಹಿಡಿದು, ಅದು ಕೊನೆಗೆ ಯಾರ ಹೊಲವನ್ನು, ಯಾವ ಕೆರೆಯನ್ನು ಅಥವಾ ಯಾವ ಹೊಳೆಯನ್ನು ಸೇರುತ್ತದೆಂದು ನಡೆದುಹೋಗಿ ನೋಡಿರಿ. ಅಲ್ಲಿರುವವರನ್ನು ಕಂಡರೆ ಮಾತಾಡಿಸಿರಿ.

ಮೂರನೆಯ ಅಭ್ಯಾಸವೇ ಎಲ್ಲಕ್ಕಿಂತ ಮುಖ್ಯವಾದದ್ದು. ನಾವು ಅದನ್ನು ಎರಡು ವರುಷ ತಡವಾಗಿ ಮಾಡಿದೆವು.

— ಮುಖ್ಯೋಪಾಧ್ಯಾಯಿನಿ